ಮಗುವಿನ ಕೋಪಕ್ಕೊಂದು ಕೋಣೆ

ಅಯೋಧ್ಯೆಯ ಅರಮನೆಯಲ್ಲಿ ಕ್ರೋಧಾಗಾರವೆಂಬ ಒಂದು ಕೋಣೆ ಇದ್ದಿತೆಂದು ವಾಲ್ಮೀಕಿ ಮಹರ್ಷಿಗಳು ಹೇಳಿದ್ದಾರೆ. ಮಂಥರೆಯ ಮಾತಿಗೆ ಕಿವಿಗೊಟ್ಟ ಕೈಕೇಯಿಯು ಆಭರಣಗಳನ್ನು ಕಿತ್ತೆಸೆದು ಬರಿಯ ನೆಲದ ಮೇಲೆ ಮಲಗಿದುದು ಆ ಕೋಣೆಯಲ್ಲಿಯೇ. ಅಲ್ಲಿಂದ ಹೊರಟ ಅನರ್ಥಪರಂಪರೆಯನ್ನು ವಾಚಕರೆಲ್ಲರೂ ಬಲ್ಲರಾದುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಆ ಭಾಗವನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನಮಗೆ ಸೋಜಿಗವೆನಿಸುತ್ತಿದ್ದುದು ಬೇರೊಂದು ಸಂಗತಿ. ಅಡಿಗೆಗೆ, ಪೂಜೆಗೆ, ನಿದ್ರೆಗೆ ಒಂದೊಂದು ಸ್ಥಳವನ್ನು ಗೊತ್ತುಮಾಡುವಂತೆ ಕೋಪಕ್ಕೂ ಒಂದು ಸ್ಥಳವನ್ನು ಗೊತ್ತುಮಾಡಿದ ಮನೆಯೊಂದನ್ನು ಆದಿಕವಿಯು ನಮ್ಮ ಮುಂದಿಟ್ಟಿರುವನಲ್ಲ! ಈಗಿನ ನಮ್ಮ ಮನೆಗಳಲ್ಲಿ ಸ್ಕೂಟರಿಗೂ ಸ್ಥಳವುಂಟು, ಬಟ್ಟೆ ಒಗೆಯುವ ಯಂತ್ರಕ್ಕೂ ಸ್ಥಳವುಂಟು. ಕೋಪಕ್ಕೆ ಮಾತ್ರ ಇಲ್ಲ. ದೊಡ್ಡವರಾದವರು ಹೇಗೋ ನಿಭಾಯಿಸಿಕೊಳ್ಳುತ್ತಾರೆ. ಬಾಗಿಲನ್ನು ದಡಾರನೆ ಎಳೆದುಕೊಂಡು ಬೀದಿಯ ಕೊನೆಯ ಕಾಫಿ ಅಂಗಡಿಯವರೆಗೆ ಹೋಗಿ ಬರುತ್ತಾರೆ. ಏಳು ವರ್ಷದ ಮಗು ಎಲ್ಲಿಗೆ ಹೋಗಬೇಕು?

ಅದಕ್ಕೆ ನಾವು ಹೇಳುವ ಮಾತಾದರೂ ಒಂದೇ: ಒಳ್ಳೆಯ ಮಕ್ಕಳು ಕೋಪ ಮಾಡಿಕೊಳ್ಳಬಾರದು. ಕಾಮಕ್ರೋಧಾದಿ ಷಡ್ವೈರಿಗಳ ಪಟ್ಟಿಯು ಮುಮುಕ್ಷುಗಳಿಗಾಗಿ ಹುಟ್ಟಿದುದು. ಅದನ್ನು ಎರಡನೆಯ ತರಗತಿಯ ಮಗುವಿಗೆ ಓದಿಹೇಳುವುದು ನಮಗೆ ಅಷ್ಟಾಗಿ ಸರಿದೋರುವುದಿಲ್ಲ. ಕೋಪವನ್ನು ಗೆಲ್ಲತಕ್ಕವನು ಮೊದಲು ಅದು ತನ್ನದೆಂದು ಗುರುತು ಹಿಡಿಯಬೇಕಷ್ಟೆ. ಪೆನ್ಸಿಲು ಹಿಡಿಯಬಲ್ಲ ಮಗುವಿಗೆ ಆ ಗುರುತನ್ನು ಕಥೆಯ ಮೂಲಕ ಮಾಡಿಕೊಡಬಹುದೆಂಬುದು ನಮ್ಮ ಅನುಭವ. ಇದು ಶಾಲೆಯ ಅನುಭವವಲ್ಲ, ಮನೆಯದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಹೇಳಿ ನಿವೃತ್ತರಾದ ತರುವಾಯ, ಮೈಸೂರಿನ ನಮ್ಮ ಮನೆಯಲ್ಲಿಯೇ ಒದಗಿಬಂದುದು.

ನಮ್ಮ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಅಂಗಳವಿದ್ದ ಬಾಡಿಗೆಯ ಮನೆಯನ್ನು ಬಿಟ್ಟು ನಾಲ್ಕನೆಯ ಅಂತಸ್ತಿನ ಫ್ಲಾಟಿಗೆ ಹೋಗಬೇಕಾಗಿ ಬಂದಾಗ, ಸಾಕಿದ ನಾಯಿಯನ್ನು ಮದ್ದೂರಿನ ಹತ್ತಿರ ತೋಟವಿದ್ದ ಪರಿಚಿತರೊಬ್ಬರಿಗೆ ಒಪ್ಪಿಸಿದನು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗಳಿಗೆ ಮಾತ್ರ, ಸಾಮಾನು ಸಾಗಿಸುವ ಗಲಾಟೆಯಲ್ಲಿ ಕರಿಯನು ಓಡಿಹೋದನೆಂದು ಹೇಳಿಬಿಟ್ಟನು. ಬೇಸಿಗೆಯ ರಜೆಗೆ ನಮ್ಮಲ್ಲಿಗೆ ಬಂದಿದ್ದ ಆ ಹುಡುಗಿಗೆ ಹಳೆಯ ನೆರೆಮನೆಯ ಗೆಳತಿಯು ಫೋನಿನಲ್ಲಿ ನಿಜ ಸಂಗತಿಯನ್ನು ತಿಳಿಸಿದಳು: ನಿಮ್ಮ ಅಪ್ಪನೇ ವ್ಯಾನಿನಲ್ಲಿ ಕೂರಿಸಿ ಕಳಿಸಿದರು ಎಂದು. ಅರ್ಧ ಗಂಟೆಯೊಳಗಾಗಿ ಆ ವರ್ಷದ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿಯು ಅಡಿಗೆಮನೆಯ ನೆಲದ ಮೇಲೆ ನಾಲ್ಕು ಹೋಳಾಗಿ ಬಿದ್ದಿದ್ದಿತು. ಆ ಹೊತ್ತಿನಲ್ಲಿ ಮನೆಯಲ್ಲಿ ಎರಡು ಕೋಪಗಳಿದ್ದುವು. ನಮ್ಮ ಗೃಹಿಣಿಯದು ಎರಡನೆಯದು.

ಮೊದಲನೆಯ ದಿನ ಅವಳಿಗೆ ಬರೆ ಎಂದು ಹೇಳಿ ಪ್ರಯೋಜನವಿರಲಿಲ್ಲ. ಭರತಮುನಿಯು ಕ್ರೋಧದ ಅನುಭಾವಗಳನ್ನು ಎಣಿಸುತ್ತ, ಕಣ್ಣು ಕೆಂಪಾಗುವುದು, ಹುಬ್ಬು ಗಂಟಿಕ್ಕುವುದು, ತುಟಿ ಕಚ್ಚುವುದು, ಕೈಗೆ ಕೈ ತಿಕ್ಕುವುದು ಎಂದು ಮುಂತಾಗಿ ಹೇಳಿರುವನು. ತಿಕ್ಕುವ ಕೈಯಲ್ಲಿ ಪೆನ್ಸಿಲು ನಿಲ್ಲುವುದೆಂತು? ಕರಿಯ ಬಣ್ಣದ ಕಡ್ಡಿಯೊಂದನ್ನೂ ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನೂ ಅವಳ ಮುಂದಿಟ್ಟು ನಾವು ನಮ್ಮ ಓದಿಗೆ ಕುಳಿತೆವು. ಕಾಗದವು ಹರಿಯುವವರೆಗೆ ಗೀಚಿದಳು. ಊಟ ಮಾಡಲಿಲ್ಲ, ಹಾಲು ಕುಡಿದು ಮಲಗಿದಳು.

ಮಾರನೆಯ ದಿನ ತಲೆಗೆರೆದು ಊಟವಾದ ಮೇಲೆ ನೂರು ಪುಟದ ಒಂದು ನೋಟ್ ಪುಸ್ತಕವನ್ನು ಕೊಟ್ಟು, ಇದರಲ್ಲಿ ಏನನ್ನು ಬೇಕಾದರೂ ಬರೆಯಬಹುದು, ನೀನು ಕೊಟ್ಟ ಹೊರತು ಯಾರೂ ಓದುವುದಿಲ್ಲ, ಓದಿದರೂ ತಿದ್ದುವುದಿಲ್ಲ ಎಂದು ಮಾತುಕೊಟ್ಟೆವು. ಈ ಕೊನೆಯ ಮಾತನ್ನು ನಂಬುವುದು ಉಪಾಧ್ಯಾಯನ ಮೊಮ್ಮಗಳಿಗೆ ಸುಲಭವಲ್ಲ. ಪರೀಕ್ಷೆಗಾಗಿಯೋ ಏನೋ, ಒಡನೆಯೇ ಒಂದು ಪುಟವನ್ನು ತುಂಬಿ ತಂದು ತೋರಿಸಿದಳು. 'ಅಪ್ಪ ಕೆಟವನು' ಎಂದು ಹನ್ನೊಂದು ಸಲ ಬರೆದಿದ್ದಳು, ಹನ್ನೊಂದು ಸಲವೂ ಒತ್ತಕ್ಷರವಿಲ್ಲದೆ. ಕೆಂಪು ಮಸಿಯ ಅಭ್ಯಾಸವಾದ ಕೈ ನಮ್ಮದು; ಆದರೂ ಕೈಯನ್ನು ಮಡಿಲಲ್ಲಿಯೇ ಇಟ್ಟುಕೊಂಡೆವು. ಒತ್ತಕ್ಷರವನ್ನು ಜೂನ್ ತಿಂಗಳಲ್ಲಿ ಶಾಲೆಯವರು ಕಲಿಸಬಲ್ಲರು. ಅಕ್ಷರದ ತಪ್ಪಿಗಿಂತಲೂ ಹೆಚ್ಚಾಗಿ ನಮ್ಮನ್ನು ಕಾಡಿದುದು ಇನ್ನೊಂದು ತಿದ್ದುಪಡಿ: 'ಹಾಗೆನ್ನಬಾರದು ಮಗು, ಅಪ್ಪ ಒಳ್ಳೆಯವನು' ಎಂಬುದು. ನಮ್ಮ ಗೃಹಿಣಿಯು ಬಾಗಿಲ ಸಂದಿಯಿಂದ ಕಣ್ಣಿನಲ್ಲಿಯೇ ಅದನ್ನು ಹೇಳಿರೆಂದು ಸೂಚಿಸುತ್ತಿದ್ದಳು. ಹೇಳಲಿಲ್ಲ. ಮಗುವಿಗೆ ಅಪ್ಪನು ಒಳ್ಳೆಯವನೆಂಬುದು ಗೊತ್ತಿರಲಿಲ್ಲವೆ? ಗೊತ್ತಿದ್ದುದರಿಂದಲೇ ಅಷ್ಟು ಕೋಪ ಬಂದಿದ್ದಿತು.

ಇಲ್ಲಿ ಶಬ್ದಗಳ ವಿಷಯವಾಗಿ ಒಂದು ಮಾತು. ಅಮರಸಿಂಹನು ಕೋಪಕ್ಕೆ ಏಳು ಹೆಸರುಗಳನ್ನು ಕೊಟ್ಟಿರುವನು. ಕನ್ನಡವೂ ಬಡವಲ್ಲ: ಸಿಟ್ಟು, ಮುನಿಸು, ಕಿನಿಸು, ಕನಲಿಕೆ, ರೊಚ್ಚು. ಆದರೆ ಈಗಿನ ಮಗುವಿನ ಬಾಯಲ್ಲಿರುವುದು ಸಿಟ್ಟೆಂಬುದೊಂದೇ. ಅದೂ ಇಲ್ಲದೆ 'ಬೇಜಾರು' ಎಂಬ ಒಂದೇ ಚೀಲದಲ್ಲಿ ದುಃಖ, ಅವಮಾನ, ಹಸಿವು, ನಿದ್ದೆ ಎಲ್ಲವನ್ನೂ ತುಂಬುವುದು ವಾಡಿಕೆಯಾಗಿದೆ. ಮುನಿಸೆಂದರೆ ಯಾರಾದರೂ ಬಂದು ರಮಿಸಲಿ ಎಂಬ ಆಸೆಯುಳ್ಳ ಕೋಪ. ರೋಷದಲ್ಲಿ ಆ ಆಸೆಯಿಲ್ಲ. ಅಮರ್ಷವೆಂದರೆ ಸೈರಿಸಲಾರದಿರುವಿಕೆ, ತನಗಾದ ಅನ್ಯಾಯವನ್ನು ನುಂಗಿಕೊಳ್ಳಲಾರದಿರುವುದು. ಈ ಭೇದವನ್ನು ಮೊಮ್ಮಗಳಿಗೆ ಬೆಕ್ಕು ಮತ್ತು ನಾಯಿಯ ಉದಾಹರಣೆಯಿಂದ ಹೇಳಿದಾಗ, ಅವಳು ಸ್ವಲ್ಪ ಯೋಚಿಸಿ, ನನ್ನದು ಮೂರನೆಯದು ಎಂದಳು. ಮುನಿಸೆಂದು ತಿಳಿದು ಚಾಕೊಲೇಟು ಕೊಡಹೋಗಿದ್ದರೆ ಏನಾಗುತ್ತಿದ್ದಿತೆಂಬುದನ್ನು ವಾಚಕರೇ ಊಹಿಸಲಿ.

ಹನ್ನೊಂದು ಸಾಲುಗಳ ತರುವಾಯ ನಾವು ಕೇಳಿದುದು ಒಂದೇ ಪ್ರಶ್ನೆ: ಇದು ಕಥೆಯಾಗಿದ್ದರೆ ಅಪ್ಪನ ಜಾಗದಲ್ಲಿ ಯಾರಿರುತ್ತಿದ್ದರು? ರಾಜ ಎಂದಳು. ಈ ಚಿಕ್ಕ ಬದಲಾವಣೆಯಲ್ಲಿ ಅಲಂಕಾರಶಾಸ್ತ್ರದ ಒಂದು ದೊಡ್ಡ ತತ್ತ್ವ ಅಡಗಿದೆ. ಕ್ರೋಧವು ರೌದ್ರರಸಕ್ಕೆ ಸ್ಥಾಯಿಭಾವವೆಂದು ನಾಟ್ಯಶಾಸ್ತ್ರವು ಹೇಳುವುದು. ಲೋಕದಲ್ಲಿ ಕೋಪಗೊಂಡವನು ಸಂಕಟಪಡುತ್ತಾನೆ. ರಂಗದ ಮೇಲೆ ಭೀಮಸೇನನು ಗದೆಯೆತ್ತಿ ಗರ್ಜಿಸಿದರೆ ನೋಡುವವನು ಸಂತೋಷಪಡುತ್ತಾನೆ. ಇಬ್ಬರಲ್ಲಿಯೂ ಇರುವುದು ಕೋಪವೇ. ಹಾಗಾದರೆ ವ್ಯತ್ಯಾಸವೆಲ್ಲಿಂದ ಬಂದಿತು? ಕಾವ್ಯದಲ್ಲಿ 'ಇದು ನನ್ನದು, ಇದು ಅವನದು' ಎಂಬ ಗಂಟು ಸಡಲಿ ಭಾವವು ಸಾಧಾರಣವಾಗುವುದರಿಂದ ಎಂದು ಭಟ್ಟನಾಯಕನೂ ಅವನ ತರುವಾಯ ಅಭಿನವಗುಪ್ತನೂ ವಿಚಾರಮಾಡಿರುವರು. ಅಪ್ಪನನ್ನು ಹುಲಿ ತಿನ್ನಿತೆಂದು ಬರೆಯಲು ಮಗುವು ಅಂಜುವುದು. ಬರೆದರೆ ರಾತ್ರಿ ಕನಸಿನಲ್ಲಿ ಬೆಚ್ಚುವುದು. ರಾಜನನ್ನು ಹುಲಿಯು ಎಷ್ಟು ಸಲ ಬೇಕಾದರೂ ತಿನ್ನಬಹುದು.

ತಿಂದಿತು ಕೂಡ. ಮೂರು ದಿನಗಳ ಕಾಲ ರಾಜನು ಹುಲಿಗೆ ಆಹಾರವಾದನು, ಮೊಸಳೆಗೆ ಆಹಾರವಾದನು, ಬಾವಿಗೆ ಬಿದ್ದನು, ಲಾರಿಯ ಕೆಳಗೆ ಸಿಕ್ಕಿದನು. (ಲಾರಿಯಿರುವ ಕಾಲದಲ್ಲಿ ರಾಜನೆಲ್ಲಿ ಎಂದು ನಾವು ಕೇಳಲಿಲ್ಲ.) ಆದರೆ ಮಗುವು ಪ್ರತಿಸಲವೂ ಪುಸ್ತಕದಿಂದ ಏಳುವಾಗ ಕುಳಿತಾಗಿದ್ದುದಕ್ಕಿಂತ ಹೆಚ್ಚು ಕೆರಳಿರುವುದನ್ನು ಗಮನಿಸಿದೆವು. ಒಳಗಿನ ಹಬೆಯನ್ನು ಹೊರಗೆ ಬಿಟ್ಟರೆ ಕೋಪವು ಇಳಿಯುವುದೆಂಬ ನಂಬಿಕೆ ಎಲ್ಲೆಡೆಯಲ್ಲಿಯೂ ಉಂಟಷ್ಟೆ. ಅಮೆರಿಕೆಯ ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಯೋಗದ ಫಲವು ಇದಕ್ಕೆ ವಿರುದ್ಧವಾಗಿದೆ. ಅವಮಾನಿತರಾದ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಅವಮಾನಿಸಿದವನನ್ನೇ ನೆನೆಯುತ್ತ ಗುದ್ದುವ ಚೀಲವನ್ನು ಗುದ್ದಿದರು. ಕೆಲವರು ಸುಮ್ಮನೆ ಕುಳಿತಿದ್ದರು. ಗುದ್ದಿದವರ ಕೋಪವೇ ಹೆಚ್ಚಾಗಿದ್ದಿತು. ಗುದ್ದುವ ಚೀಲದಲ್ಲಿ ನಿಜವಾದುದು ಕಾಗದದ ಮೇಲೂ ನಿಜವಾಗಬಹುದೆಂದು ನಮಗೆ ತೋರಿತು. ರಾಜನನ್ನು ಕೊಲ್ಲುವುದು ಒಂದು ಕಥೆಯಲ್ಲ. ಒಂದು ಗುದ್ದು ಮಾತ್ರ.

ಆದುದರಿಂದ ಐದನೆಯ ದಿನ, ರಾಜನು ಬೆಂಕಿಗೆ ಬಿದ್ದ ಪುಟವನ್ನು ಅವಳೇ ನಮಗೆ ಕೊಟ್ಟಾಗ, ಪಾಪ, ಇವನು ಮಾಡಿದ ತಪ್ಪೇನು ಎಂದು ಕೇಳಿದೆವು. ಅದುವರೆಗೆ ಶಿಕ್ಷೆಯನ್ನಷ್ಟೇ ಬರೆದಿದ್ದಳು, ಅಪರಾಧವನ್ನು ಬರೆದಿರಲಿಲ್ಲ. ಬಹಳ ಹೊತ್ತು ಪೆನ್ಸಿಲಿನ ಹಿಂಬದಿಯನ್ನು ಕಡಿಯುತ್ತ ಕುಳಿತಿದ್ದು, ಸಂಜೆಯ ವೇಳೆಗೆ ಹೊಸದೊಂದು ಕಥೆಯನ್ನು ತಂದಳು. ಒಬ್ಬ ರಾಜನು ಒಂದು ಸುಳ್ಳನ್ನು ಹೇಳಿದನು. ಅವನ ಬಾಯಿಂದ ಒಂದು ಕಪ್ಪೆಯು ಹೊರಗೆ ಹಾರಿತು. ಇದೇನೆಂದು ರಾಣಿ ಕೇಳಿದಳು. ಏನೂ ಇಲ್ಲವೆಂದು ಇನ್ನೊಂದು ಸುಳ್ಳು ಹೇಳಿದನು, ಇನ್ನೊಂದು ಕಪ್ಪೆ ಬಂದಿತು. ಅರಮನೆಯೆಲ್ಲ ಕಪ್ಪೆಗಳಾದುವು. ಅನ್ನದ ಪಾತ್ರೆಯಲ್ಲಿ ಕಪ್ಪೆ, ಕಿರೀಟದಲ್ಲಿ ಕಪ್ಪೆ. ಅವುಗಳ ವಟವಟದಿಂದ ರಾಜನಿಗೆ ನಿದ್ದೆಯೇ ಇಲ್ಲ.

ಇದನ್ನು ಓದಿದಾಗ ನಮಗೆ ನಗು ಬಂದುದು ನಿಜ. ಅವಳೂ ನಕ್ಕಳು, ಆರು ದಿನಗಳಲ್ಲಿ ಮೊದಲ ಸಲ. ಆಮೇಲೆ? ಎಂದೆವು.

ಈ 'ಆಮೇಲೆ' ಎಂಬ ಪದವು ಬಹಳ ಬೆಲೆಯುಳ್ಳದ್ದು. ತಮಸಾನದಿಯ ದಡದಲ್ಲಿ ಬೇಡನು ಕ್ರೌಂಚ ಪಕ್ಷಿಯನ್ನು ಕೊಂದುದನ್ನು ಕಂಡು ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂದು ಎಲ್ಲರೂ ಹೇಳುವರು. ಆದರೆ ಆ ಶ್ಲೋಕವನ್ನು ಅನ್ವಯಿಸಿ ನೋಡಿದವರಿಗೆ ಅದು ಬೇಡನಿಗಿತ್ತ ಶಾಪವೆಂಬುದು ತಿಳಿಯುವುದು. ಶೋಕದೊಡನೆ ಕೋಪವೂ ಅದರಲ್ಲಿ ಉಂಟು. ತನ್ನ ಬಾಯಿಂದ ಬಂದುದೇನೆಂದು ಋಷಿಯೇ ಚಿಂತಿಸಿದನು. ಅದು ಪಾದಬದ್ಧವಾಗಿದೆಯೆಂದೂ ವೀಣೆಯೊಡನೆ ಹಾಡಲು ತಕ್ಕುದೆಂದೂ ಕಂಡುಕೊಂಡನು. ಶಿಷ್ಯನಾದ ಭರದ್ವಾಜನು ಅದನ್ನು ಕೇಳಿದಂತೆಯೇ ನೆನಪಿನಲ್ಲಿಟ್ಟುಕೊಂಡನು. ಒಂದಕ್ಷರವನ್ನೂ ಅತ್ತಿತ್ತ ಮಾಡಲಿಲ್ಲ. ಬ್ರಹ್ಮನು ಬಂದವನು ಗದರಿಸಲಿಲ್ಲ, ಇದೇ ಛಂದಸ್ಸಿನಲ್ಲಿ ಕಥೆಯನ್ನು ಹೇಳು ಎಂದನು. ಒಂದು ಶಾಪವು ಅಲ್ಲಿಯೇ ನಿಂತಿದ್ದರೆ ಬೇಡನಿಗೂ ನಮಗೂ ಏನು ಲಾಭವಾಗುತ್ತಿದ್ದಿತು? ಅದು ಇಪ್ಪತ್ತನಾಲ್ಕು ಸಾವಿರ ಗ್ರಂಥವಾಗಿ ಬೆಳೆಯಿತು.

ನಮ್ಮ ಮನೆಯ ಕಥೆಯು ಅಷ್ಟು ಬೆಳೆಯಲಿಲ್ಲ; ಇನ್ನೊಂದೂವರೆ ಪುಟವಾಯಿತು. ಒಂದು ಕಪ್ಪು ನಾಯಿಯು ಆಸ್ಥಾನಕ್ಕೆ ಬಂದು, ನಾನು ಓಡಿಹೋದೆನೆಂದು ಯಾಕೆ ಹೇಳಿದೆ ಎಂದು ರಾಜನನ್ನು ಕೇಳುವುದು. ಅದಕ್ಕೆ ರಾಜನ ಉತ್ತರ: 'ನಿಜ ಹೇಳಿದ್ದರೆ ನನಗೆ ಅಳು ಬರುತ್ತಿತ್ತು. ರಾಜರು ಅಳಬಾರದು.' ಈ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕರಿಯನನ್ನು ಮರಿಯಾಗಿದ್ದಾಗ ಮನೆಗೆ ತಂದು ಹತ್ತಿಯ ಬತ್ತಿಯಿಂದ ಹಾಲು ಕುಡಿಸಿದವನು ನಮ್ಮ ಮಗನೇ. ಅದು ಅವಳಿಗೂ ಗೊತ್ತು. ನಾಯಿಯು ಆಗ ಬಾಲ ಅಲ್ಲಾಡಿಸಿತಂತೆ, ಕಪ್ಪೆಗಳೆಲ್ಲ ಕೆರೆಗೆ ಹೋದುವಂತೆ. ಎಲ್ಲವೂ ಅಲ್ಲ. ಮೂರು ಕಪ್ಪೆಗಳು ಮಾತ್ರ ಸಿಂಹಾಸನದ ಕೆಳಗೆ ಉಳಿದುವೆಂದು ಬರೆದು ಅಡ್ಡಗೆರೆ ಎಳೆದಿದ್ದಳು. ಮೂರೇಕೆ ಎಂದು ಕೇಳಿದುದಕ್ಕೆ, ನನಗಿನ್ನೂ ಅಷ್ಟು ಸಿಟ್ಟಿದೆ ಎಂದಳು. ಕೋಪವನ್ನು ಎಣಿಸಿ ಹೇಳಬಲ್ಲವರು ದೊಡ್ಡವರಲ್ಲಿ ಎಷ್ಟು ಮಂದಿ?

ಶನಿವಾರ ನಮ್ಮ ಮಗನು ಬಂದನು. ಮಗುವಿಗೆ ನಿಜಸ್ಥಿತಿ ತಿಳಿದಿದೆಯೆಂದು ಮಾತ್ರ ಮೊದಲೇ ಫೋನಿನಲ್ಲಿ ತಿಳಿಸಿದ್ದೆವು, ನೋಟ್ ಪುಸ್ತಕದ ಮಾತೆತ್ತಿರಲಿಲ್ಲ. ನಮ್ಮ ಗೃಹಿಣಿಯು ಅದನ್ನು ಹಾಸಿಗೆಯ ಸುರುಳಿಯಲ್ಲಿ ಬಚ್ಚಿಡಬೇಕೆಂದಳು. ಅಪ್ಪನನ್ನು ಕಪ್ಪೆ ಉಗುಳುವವನೆಂದು ಬರೆದುದನ್ನು ಕಂಡರೆ ಅವನ ಮನಸ್ಸು ನೋಯದೆ? ಪುಸ್ತಕವು ನಮ್ಮದಲ್ಲ, ಬಚ್ಚಿಡುವ ಅಧಿಕಾರವೂ ತೋರಿಸುವ ಅಧಿಕಾರವೂ ನಮಗಿಲ್ಲ ಎಂದೆವು. ರಾತ್ರಿ ಊಟವಾದ ಮೇಲೆ ಅವಳೇ ತಂದು, ಅಪ್ಪನ ಕೈಗೆ ಕೊಡದೆ, ಎದುರಿಗೆ ನಿಂತು ಗಟ್ಟಿಯಾಗಿ ಓದಿದಳು. ರಾಜನ ಉತ್ತರದ ಸಾಲು ಬಂದಾಗ ನಮ್ಮ ಮಗನು ಕನ್ನಡಕವನ್ನು ತೆಗೆದು ಒರಸಿಕೊಳ್ಳತೊಡಗಿದನು. ನಾಯಿಗೆ ಅಲ್ಲಿ ಸುಖವಾಗಿದೆ, ನಿನ್ನ ಒಳ್ಳೆಯದಕ್ಕಾಗಿಯೇ ಹಾಗೆ ಹೇಳಿದೆ ಎಂದು ಮುಂತಾಗಿ ಹೇಳುವನೋ ಎಂದು ಅಂಜಿದ್ದೆವು; ಹೇಳಲಿಲ್ಲ. ಆ ಮೂರು ಕಪ್ಪೆಗಳನ್ನು ಏನು ಮಾಡಬೇಕು ಎಂದು ಅವಳನ್ನೇ ಕೇಳಿದನು. ನಾಳೆ ಮದ್ದೂರಿಗೆ ಹೋಗಬೇಕು ಎಂದಳು.

ಹೋದರು. ಕರಿಯನು ಮೈದುಂಬಿಕೊಂಡಿದ್ದನಂತೆ. ಅವಳ ಭುಜದ ಮೇಲೆ ಎರಡು ಕಾಲಿಟ್ಟು ಮುಖವನ್ನೆಲ್ಲ ನೆಕ್ಕಿ, ಸ್ವಲ್ಪ ಹೊತ್ತಿನ ಮೇಲೆ ತೋಟದ ಯಜಮಾನನ ಹಿಂದೆ ಹೊರಟುಹೋದನಂತೆ. ಹಿಂದಿರುಗುವ ದಾರಿಯುದ್ದಕ್ಕೂ ಅವಳು ಅತ್ತಳೆಂದು ನಮ್ಮ ಮಗನು ಹೇಳಿದನು. ಅದು ಕೋಪದ ಅಳುವಲ್ಲ.

ಕೈಕೇಯಿಯ ಕೋಣೆಯಲ್ಲಿ ನಡೆದುದಕ್ಕೂ ಇದಕ್ಕೂ ಒಂದು ಭೇದವುಂಟೆಂದು ನಾವು ತಿಳಿದಿದ್ದೇವೆ. ದಶರಥನು ಕೋಪವನ್ನು ಕಂಡು, ಕಾರಣವನ್ನು ತಿಳಿಯುವುದಕ್ಕೆ ಮುಂಚೆಯೇ ಬೇಡಿದುದನ್ನು ಕೊಡುವೆನೆಂದು ಪ್ರಮಾಣಮಾಡಿದನು. ಬರೆದುದನ್ನೆಲ್ಲ ನಡೆಸಿಕೊಡುವ ಮನೆಯಲ್ಲಿ ನೋಟ್ ಪುಸ್ತಕವು ಅರ್ಜಿಯ ಪುಸ್ತಕವಾಗುವುದು. ಮದ್ದೂರಿಗೆ ಕರೆದೊಯ್ದುದು ಸರಿ. ನಾಯಿಯನ್ನು ಮರಳಿ ತರಲಿಲ್ಲ, ಅವಳೂ ಕೇಳಲಿಲ್ಲ.

ಇನ್ನೂ ಬರೆಯಲಾರದ ನಾಲ್ಕೈದು ವರ್ಷದ ಮಕ್ಕಳ ಗತಿಯೇನೆಂದು ತಾಯಂದಿರು ಕೇಳಬಹುದು. ಅವರಿಗೆ ನಾವೇ ಗಣಪತಿಯಾಗಬೇಕು. ಭಾರತವನ್ನು ಬರೆಯಲು ಕುಳಿತ ಗಣಪತಿಯು ನಡುವೆ ನಿಲ್ಲಿಸಕೂಡದೆಂದನಂತೆ. ಅರ್ಥವಾಗದೆ ಬರೆಯಕೂಡದೆಂದು ವ್ಯಾಸರು ಮರುಮಾತು ಹೇಳಿದರಂತೆ. ಮಗುವು ಹೇಳುತ್ತ ಹೋದುದನ್ನು ಅದರ ಮಾತಿನಲ್ಲಿಯೇ ಬರೆದುಕೊಂಡು, ಅರ್ಥವಾಗದಲ್ಲಿ ಮಾತ್ರ ಕೇಳಿದರೆ ಸಾಕು. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಓದು ಕಲಿಸಿದ ಸಿಲ್ವಿಯಾ ಆಷ್ಟನ್ ವಾರ್ನರ್ ಎಂಬ ಉಪಾಧ್ಯಾಯಿನಿಯು ಅಚ್ಚಾದ ಪಾಠಪುಸ್ತಕದಿಂದ ಮೊದಲುಮಾಡದೆ, ಪ್ರತಿಯೊಂದು ಮಗುವಿನ ಬಾಯಿಂದ ಅದಕ್ಕೆ ಬೇಕಾದ ಪದವನ್ನು ಕೇಳಿ, ಅಟ್ಟೆಯ ಮೇಲೆ ಬರೆದುಕೊಡುತ್ತಿದ್ದಳು. ದೆವ್ವ, ಮುತ್ತು ಮೊದಲಾಗಿ ಅಂಜಿಕೆ ಅಕ್ಕರೆಗಳ ಪದಗಳನ್ನೇ ಮಕ್ಕಳು ಒಮ್ಮೆಗೇ ಕಲಿತುಬಿಡುವುದನ್ನು ಕಂಡಳು. ಐದು ವರ್ಷದ ಮಗುವಿನ ಮನಸ್ಸು ಎರಡು ಬಾಯಿಗಳುಳ್ಳ ಜ್ವಾಲಾಮುಖಿ, ನಿರ್ಮಾಣದ ಬಾಯಿ ಅಗಲವಾದಷ್ಟೂ ನಾಶದ ಬಾಯಿ ಕಿರಿದಾಗುವುದು ಎಂಬ ಅಭಿಪ್ರಾಯವನ್ನು 1963ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರೆದಿರುವಳು. ಉಪ್ಪಿನಕಾಯಿಯ ಜಾಡಿಯನ್ನು ನೆನೆದರೆ ನಮಗೆ ಆ ಉಪಮೆಯು ಅತಿಶಯೋಕ್ತಿಯೆನಿಸುವುದಿಲ್ಲ.

ಗುಟ್ಟನ್ನು ಕಾಯುವ ಮಾತು ಕೊಡುವಾಗ ಒಂದು ಎಚ್ಚರವಿರಬೇಕು. ಯಾರಾದರೂ ತನ್ನನ್ನು ಹೊಡೆಯುತ್ತಾರೆ, ಕೆಟ್ಟದಾಗಿ ಮುಟ್ಟುತ್ತಾರೆ, ಹೆದರಿಸುತ್ತಾರೆ ಎಂಬ ಛಾಯೆಯು ಕಥೆಯಲ್ಲಿ ಮತ್ತೆ ಮತ್ತೆ ಕಾಣಿಸಿದರೆ ಅದನ್ನು ಕಥೆಯೆಂದು ಬಿಡಕೂಡದು. ಮಗುವಿನೊಡನೆ ಮೆಲ್ಲಗೆ ಮಾತನಾಡಿ ಬೇಕಾದವರಿಗೆ ತಿಳಿಸತಕ್ಕದ್ದು. 1098 ಎಂಬ ಮಕ್ಕಳ ಸಹಾಯವಾಣಿಯು ಇದಕ್ಕಾಗಿಯೇ ಇರುವುದು. ಮಗುವು ತನ್ನನ್ನು ತಾನೇ ನೋಯಿಸಿಕೊಳ್ಳುತ್ತಿದ್ದರೆ, ವಾರಗಟ್ಟಲೆ ನಿದ್ದೆ ಊಟಗಳನ್ನು ಬಿಟ್ಟಿದ್ದರೆ, ತಾತನ ಪೆನ್ಸಿಲು ಸಾಲದು. ವೈದ್ಯರ ಬಳಿಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳ ಮನಸ್ಸಿಗೆಂದೇ ಪ್ರತ್ಯೇಕ ವಿಭಾಗವುಂಟು.

ಬರೆದ ಕಾಗದಗಳನ್ನು ಏನು ಮಾಡಬೇಕೆಂಬುದು ಉಳಿಯಿತು. ಜಪಾನಿನ ನಗೋಯಾ ವಿಶ್ವವಿದ್ಯಾನಿಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅವಮಾನಿತರಾದ ವಿದ್ಯಾರ್ಥಿಗಳು ತಮಗೆ ಅನಿಸಿದುದನ್ನು ಬರೆದ ಕಾಗದವನ್ನು ಕಸದ ಬುಟ್ಟಿಗೆ ಎಸೆದಾಗ ಅವರ ಕೋಪವು ಇಳಿಯಿತೆಂದೂ, ಕಾಗದವನ್ನು ಇಟ್ಟುಕೊಂಡವರ ಕೋಪವು ಅಷ್ಟಾಗಿ ಇಳಿಯಲಿಲ್ಲವೆಂದೂ ಕಂಡುಬಂದಿತು. ಅವರು ದೊಡ್ಡ ಹುಡುಗರು. ಆದರೂ ನಮ್ಮ ಮೊಮ್ಮಗಳು ಇದನ್ನು ಓದದೆಯೇ ಆ ಮಾರ್ಗವನ್ನು ಹಿಡಿದಳು. ಮೇ ತಿಂಗಳ ಕೊನೆಯ ಮಳೆ ಬಿದ್ದ ದಿನ ಹುಲಿಯ ಪುಟ, ಮೊಸಳೆಯ ಪುಟ, ಲಾರಿಯ ಪುಟಗಳನ್ನು ಒಂದೊಂದಾಗಿ ಹರಿದು ದೋಣಿಗಳನ್ನು ಮಾಡಿ ಬೀದಿಯ ಮೋರಿಯಲ್ಲಿ ತೇಲಬಿಟ್ಟಳು. ಹನ್ನೊಂದು ಸಲ ಬರೆದ ಪುಟವೇ ಎಲ್ಲಕ್ಕಿಂತ ದೊಡ್ಡ ದೋಣಿಯಾಯಿತು. ಕಪ್ಪೆಯ ಕಥೆಯನ್ನು ಹರಿಯಲಿಲ್ಲ. ಅದನ್ನು ಬೆಂಗಳೂರಿಗೆ ಒಯ್ದಿದ್ದಾಳೆ. ಮೂರು ಎಂಬುದನ್ನು ಹೊಡೆದುಹಾಕಿ ಎರಡು ಎಂದು ಮಾಡಿರುವುದಾಗಿ ಕಳೆದ ಭಾನುವಾರ ಫೋನಿನಲ್ಲಿ ಅಜ್ಜಿಗೆ ಹೇಳಿದಳು.